ಉಟ್ಟು ಸವೆದ ಸೀರೆಯ ಗೆರೆ

ಹಳೆಯ ಖಣದ ಕುಪ್ಪಸದ ಚಿತ್ರಕ್ಕೆ ಬಣ್ಣ ತುಂಬುವ ಬಗೆಯನ್ನು ಇಲ್ಲಿ ಹೇಳಹೊರಟಿದ್ದೇನೆ. ಅದಕ್ಕೂ ಮೊದಲು, ಆಕೃತಿಯ ಅಳತೆಯ ಬಗ್ಗೆ ಒಂದು ಹಳೆಯ ಬಾಕಿ ಚುಕ್ತಾ ಆಗಬೇಕಿದೆ.

ಫ್ಯಾಶನ್ ಚಿತ್ರವೆಂದರೆ ಒಂಬತ್ತು ತಲೆಯುದ್ದದ ಆಕೃತಿ ಎಂದು ಸಾರುವ ಪಂಥವೊಂದಿದೆ. ಮನುಷ್ಯರ ಎತ್ತರ ಏಳೂವರೆ ತಲೆಯ ಆಸುಪಾಸು. ಹೆಚ್ಚಿನ ಒಂದೂವರೆ ತಲೆಯುದ್ದವನ್ನು ಇವರು ಬಹುಪಾಲು ಕಾಲಿಗೇ ಸೇರಿಸುತ್ತಾರೆ. ಗೌನಿಗೆ ಅದು ಒಪ್ಪೀತು, ಇಳಕಲ್ ಸೀರೆಗೆ ಒಪ್ಪದು. ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟವಳ ಸೊಂಟದ ಸುತ್ತ ಬಟ್ಟೆಯ ಹೆಚ್ಚಿನ ಭಾರ ಕೂತಿರುತ್ತದೆ. ಆಕೆಯ ನಿಲುವಿನ ಗತ್ತು ಆ ಭಾರದಿಂದಲೇ ಬರುತ್ತದೆ. ಅವಳನ್ನು ಜಗ್ಗಿ ಉದ್ದ ಮಾಡಿದಿರೋ, ಉಳಿಯುವುದು ಅಂಗಡಿಯ ಗೊಂಬೆ.

ಈ ಮಾತಿಗೆ ನನ್ನ ಸಾಕ್ಷಿ ಯಾವತ್ತೂ ಚಿತ್ರಕಾರ ರಾಜಾ ರವಿವರ್ಮನೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, 1889ರ ಸುಮಾರಿನ ಸಂಗೀತಗಾರ್ತಿಯರ ಚಿತ್ರ ನೋಡಿದವರಿಗೆ ಗೊತ್ತು. ಹನ್ನೊಂದು ಹೆಂಗಸರು, ಸೀಮೆ ಸೀಮೆಯ ಉಡುಗೆ. ಯಾರು ಯಾವ ಕಡೆಯವರೆಂದು ಸೆರಗು, ನೆರಿಗೆಗಳೇ ಹೇಳುತ್ತವೆ. ಒಬ್ಬಳನ್ನೂ ಆತ ಜಗ್ಗಿಲ್ಲ. ಬಟ್ಟೆ ಎಲ್ಲಿ ಮೈಗೆ ತಾಗಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನಷ್ಟೇ ನೋಡಿ ನೋಡಿ ಬರೆದಿದ್ದಾನೆ.

ಹಳೆಯ ಸೀರೆ ಈ ನೋಟವನ್ನು ಇನ್ನೂ ಚೆನ್ನಾಗಿ ಕಲಿಸುತ್ತದೆ. ಗಂಜಿ ಬಿಡದ ಹೊಸ ನೂಲಿನ ಮಡಿಕೆ ಮೊನೆಯಾಗಿ ಮುರಿಯುತ್ತದೆ. ನೂರಾರು ಸಲ ಒಗೆದದ್ದು ದುಂಡಗೆ ಇಳಿಯುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಅಲ್ಲಿ ಪೆನ್ಸಿಲ್ ನಿಲ್ಲಿಸಿ ನೋಡಿ. ನೂಲಿನ ಒಡಲು ಮೆತ್ತಗಾಗಿದ್ದರೂ ರೇಷ್ಮೆಯ ಸೆರಗಿಗೆ ಹೊಳಪು ಉಳಿದಿರುತ್ತದೆ. ಒಂದೇ ಸೀರೆಗೆ ಎರಡು ಬಗೆಯ ಗೆರೆ ಬೇಕು. ಸೆರಗಿನ ಮೇಲಿನ ತೋಪ ತೆನೆ ವಿನ್ಯಾಸದ ಬಿಳಿಗೆ ಬಿಳಿ ಬಣ್ಣ ಹಚ್ಚಬೇಡಿ, ಕಾಗದವನ್ನೇ ಖಾಲಿ ಬಿಡಿ.

ಇನ್ನು ಖಣ. ಹಳೆಯ ಗುಳೇದಗುಡ್ಡ ಖಣದ ಮೂಲ ಬಣ್ಣ ಹುಡುಕುತ್ತ ಮನೆಯ ಕೌದಿ ಬಿಚ್ಚಿದವನು ಅದರಲ್ಲೇ ಮುಳುಗಿಬಿಟ್ಟೆ. ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಉಟ್ಟ ಬಟ್ಟೆಯ ಕೊನೆಯ ನಿಲ್ದಾಣ ಕೌದಿಯೇ. ರುಬಿಯಾ ಕುಪ್ಪಸ, ಟೆರಿಕಾಟ್ ಅಂಗಿ, ಹೂವಿನ ನೈಲಾನ್ ಸೀರೆ, ಧೋತರ, ಎಲ್ಲ ಒಂದೇ ಹಾಸಿನಲ್ಲಿ. ಹೊಲಿದ ಆಯಿ ಬೆರಳಿಟ್ಟು ಹೇಳುತ್ತಾಳೆ: “ಇದು ಸಣ್ಣಾಕಿ ಲಗ್ನದ್ದು, ಇದು ನಿಮ್ಮ ಮುತ್ಯಾನ ರುಮಾಲು.” ಫ್ಯಾಶನ್ ಕಲಿಯುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ.

ನನಗೆ ಬೇಕಿದ್ದ ಬಣ್ಣವೂ ಅಲ್ಲೇ ಸಿಕ್ಕಿತು. ಹೊಲಿಗೆ ಬಿಟ್ಟ ಕಡೆ, ತುಂಡಿನ ಒಳಮಡಿಕೆಯಲ್ಲಿ, ಬಿಸಿಲು ಕಾಣದ ದಾಳಿಂಬೆ ಕೆಂಪು. ಹೊರಮೈ ಮಾತ್ರ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಕುಪ್ಪಸದಲ್ಲೂ ತೋಳಿನ ಒಳಹೊಲಿಗೆ ತೆಗೆದು ನೋಡಿ. ಚಿತ್ರದಲ್ಲಿ ಎರಡೂ ಬಣ್ಣ ಬರಲಿ: ಮಡಿಕೆಯ ಆಳದಲ್ಲಿ ಹಳೆಯದು, ಬೆಳಕು ಬೀಳುವ ಕಡೆ ಮಾಸಿದ್ದು. ನೆರಳಿಗೆ ಕಪ್ಪು ಬೆರೆಸುವ ಕೆಟ್ಟ ಚಟವೂ ಇದರಿಂದ ತಪ್ಪುತ್ತದೆ.

ಎಲ್ಲ ಸೀರೆಗೂ ಕೌದಿಯ ಭಾಗ್ಯವಿಲ್ಲ. ಹಳೆಯ ಜರಿ ಸೀರೆ ಕೊಳ್ಳುವವರು ಬೆಳ್ಳಿಗಾಗಿ ಅದನ್ನು ಸುಡುತ್ತಾರೆ. ಉಳಿದ ಸೀರೆಗಳು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಗಂಟು ಸೇರುತ್ತವೆ. ಬೆಟಗೇರಿಯಂಥ ನೇಕಾರರ ಊರು ಪಕ್ಕದಲ್ಲೇ ಇರುವ ನಾವು ಇದನ್ನು ಸುಮ್ಮನೆ ನೋಡುತ್ತ ಕೂಡಬಾರದು. ಕೊಡುವುದೇ ಆದರೆ, ಕೊಡುವ ಮುನ್ನ ಮನೆಯ ಹಿರಿಯರಿಗೆ ಆ ಸೀರೆ ಉಡಿಸಿ, ಎದುರು ಕೂತು ಬರೆಯಿರಿ. ಫೋನಿನ ಫೋಟೊ ನೋಡಿ ಬೇಡ. ಹಾಳೆಯ ಹಿಂದೆ ಉಟ್ಟವರ ಹೆಸರು, ಸೀರೆ ಕೊಂಡ ಊರು, ಯಾವ ಕಾರಣಕ್ಕೆ ಕೊಂಡದ್ದು ಎಂಬುದನ್ನು ಮರೆಯದೆ ಬರೆದಿಡಿ.