ಅಪ್ಪ ಬಿಟ್ಟುಹೋದ ಋಣ

ಸಾಯುವ ಹೊತ್ತಿಗೆ ಪೋಲಿಕಾರ್ಪ್ ಮಗನ ಮುಂದೆ ಗುಟ್ಟು ಬಿಚ್ಚುತ್ತಾನೆ. ಈ ಮನೆ, ಈ ಹೊಲ ಎಲ್ಲವೂ ಕೊಲೆಯ ದುಡ್ಡಿನಿಂದ ಬಂದದ್ದು. ಮೂವತ್ತು ವರ್ಷಗಳ ಯುದ್ಧಕಾಲದಲ್ಲಿ ಅವನೂ ಜೊತೆಗಾರ ಶ್ವಾರ್ಟ್ಸ್‌ಕೋಬ್ಲರನೂ ಸೇರಿ ಸೈನ್ಯದ ಹಣದ ಪೆಟ್ಟಿಗೆ ಕದ್ದಿದ್ದರು. ಆಮೇಲೆ ಇವನು ಜೊತೆಗಾರನನ್ನೇ ಮುಗಿಸಿದ. ಕೊಲೆಯಾದವನ ಮನೆತನದ ಹೆಣ್ಣು ಆಗಾತಾಳನ್ನು ಹುಡುಕಿ, ಮದುವೆಯಾಗಿ, ಋಣ ತೀರಿಸುವ ಹೊರೆ ಈಗ ಮಗ ಇಸಿದೋರನ ಹೆಗಲಿಗೆ.

ಇದು 1919ರಲ್ಲಿ ಪ್ರಕಟವಾದ ಸ್ಲೊವೇನಿಯದ ಕಾದಂಬರಿ ‘ವಿಸೋಷ್ಕಾ ಕ್ರೋನಿಕಾ’. ಬರೆದ ಇವಾನ್ ತಾವ್ಚಾರ್ ವಕೀಲ, ಆಗ ಲ್ಯುಬ್ಲಿಯಾನಾದ ಮೇಯರ್ ಕೂಡ. ಕಥೆ ನಡೆಯುವ, ಪೋಲ್ಯಾನೆ ಕಣಿವೆಯ ವಿಸೋಕೊ ಎಸ್ಟೇಟನ್ನು 1893ರಲ್ಲಿ ಸ್ವತಃ ಕೊಂಡವರು; ಅವರ ಸಮಾಧಿಯೂ ಅಲ್ಲೇ ಇದೆ. ತಾನು ಓಡಾಡುವ ಅಂಗಳದಲ್ಲೇ ಪಾಪದ ಬೇರು ಹುಡುಕಿದ ಲೇಖಕ ಎಂಬುದು ನನಗೆ ಸಣ್ಣ ಸಂಗತಿಯಲ್ಲ.

ಕಾದಂಬರಿಯ ಶಕ್ತಿಯೆಲ್ಲ ನಿರೂಪಣೆಯಲ್ಲಿದೆ. ಮುದುಕನಾದ ಇಸಿದೋರ್ ತನ್ನ ಹೇಡಿತನವನ್ನು ತಾನೇ ದಾಖಲಿಸುತ್ತಾನೆ. ಆಗಾತಾಳ ಒಲವು ಸಿಗದವನೊಬ್ಬ ಅವಳು ಮಾಟಗಾತಿ ಎಂದು ದೂರುತ್ತಾನೆ. ವಿಚಾರಣೆ ನಡೆಯುವ ಶ್ಕೋಫ್ಯಾ ಲೋಕಾ ಆಗ ಬವೇರಿಯದ ಫ್ರೈಸಿಂಗ್ ಬಿಷಪ್ಪರ ಸೀಮೆ. ನ್ಯಾಯಪೀಠ ಅವಳನ್ನು ಸೋರಾ ನದಿಯ ನೀರಿಗೆ ಇಳಿಸಿ ಪರೀಕ್ಷಿಸುತ್ತದೆ. ಊರೆಲ್ಲ ದಡದಲ್ಲಿ ನೆರೆದಿದೆ. ಕೈಹಿಡಿಯಬೇಕಾದವನು ಅವಳ ಪರ ನಿಲ್ಲುವುದಿಲ್ಲ. ನೀರಿಗೆ ಧುಮುಕಿ ಅವಳನ್ನು ಉಳಿಸುವವನು ಇಸಿದೋರನ ತಮ್ಮ ಯೂರಿ. ಅಪ್ಪ ಕೈಯಾರೆ ಮಾಡಿದ್ದನ್ನು ಮಗ ಕೈಕಟ್ಟಿ ನಿಂತೇ ಮಾಡಿಬಿಡುತ್ತಿದ್ದ. ಆಸ್ತಿಯ ಜೊತೆಗೆ ಪಾಪವೂ ಹೇಗೆ ವರ್ಗವಾಗುತ್ತದೆ ಎನ್ನುವುದನ್ನು ತಾವ್ಚಾರ್ ಇಲ್ಲಿ ಒಂದು ಮಾತಿನ ವಿವರಣೆಯೂ ಇಲ್ಲದೆ ಕಾಣಿಸುತ್ತಾರೆ.

ನನ್ನ ತಕರಾರು ಅದರ ನಂತರದ್ದು. ಇಸಿದೋರ್ ವಿಸೋಕೊವನ್ನು ತಮ್ಮನಿಗೆ ಬಿಟ್ಟು ಸೈನ್ಯ ಸೇರುತ್ತಾನೆ. ಯೂರಿ ಆಗಾತಾಳನ್ನು ಮದುವೆಯಾಗುತ್ತಾನೆ. ಲೆಕ್ಕ ಚುಕ್ತಾ ಆದಂತೆ ಕಾಣುತ್ತದೆ. ಆದರೆ ಕದ್ದ ಹಣದ ಹೊಲ ಪೋಲಿಕಾರ್ಪನ ಮನೆತನವಾದ ಕಾಲಾನರ ಮನೆಯಲ್ಲೇ ಉಳಿಯಿತು, ಕಳೆದುಕೊಂಡವರ ಕಡೆಯ ಹುಡುಗಿ ಸೊಸೆಯಾಗಿ ಅದೇ ಮನೆ ಹೊಕ್ಕಳು. ಪರಿಹಾರ ಪಡೆಯಬೇಕಾದವಳನ್ನೇ ಪರಿಹಾರವಾಗಿ ಬಳಸಿದ್ದು ಲೇಖಕರಿಗೆ ಚುಚ್ಚಿದಂತೆ ಕಾಣುವುದಿಲ್ಲ. ಅವಳ ಮನಸ್ಸು ನಮಗೆ ಸಿಗುವುದು ಇಸಿದೋರನ ಕಣ್ಣಿಗೆ ಬಿದ್ದಷ್ಟು ಮಾತ್ರ. 1968ರಲ್ಲಿ ರೂಡಿ ಶೆಲಿಗೊ ತಮ್ಮ ಆಧುನಿಕ ಕೃತಿಯ ಶೀರ್ಷಿಕೆಗೇ ಆಗಾತಾ ಶ್ವಾರ್ಟ್ಸ್‌ಕೋಬ್ಲರ್ ಹೆಸರನ್ನು ತಂದರು. ಹಳೆಯ ಕಾದಂಬರಿ ಅವಳ ಪಾಲಿಗೆ ಬಾಕಿ ಉಳಿಸಿತ್ತು ಎಂಬ ನನ್ನ ಅನಿಸಿಕೆಯನ್ನು ಅದು ಗಟ್ಟಿಮಾಡುತ್ತದೆ.

ಇಷ್ಟಾದರೂ ನಾನು ಈ ಪುಸ್ತಕಕ್ಕೆ ಮತ್ತೆ ಮತ್ತೆ ಮರಳುತ್ತೇನೆ. ಇಂಗ್ಲಿಷ್ ಅನುವಾದ ಸಿಗುತ್ತದೆ. ಓದುವಾಗ ನದೀ ದಡದ ಪುಟಗಳನ್ನು ಅವಸರದಲ್ಲಿ ದಾಟಬೇಡಿ. ನೀರಲ್ಲಿರುವವಳನ್ನು ಮಾತ್ರವಲ್ಲ, ದಡದಲ್ಲಿ ಕದಲದೆ ನಿಂತವನನ್ನೂ ನೋಡಿ.