ಉತ್ಸವದ ನಗೆ: ದಕ್ಷಿಣ ಬೆಂಗಳೂರಿನ ಹಬ್ಬದ ವೇದಿಕೆಗಳನ್ನು ಕುರಿತು

ಭಕ್ತಿಗೂ ನಗೆಗೂ ವಿರೋಧವಿದೆಯೆಂಬ ಗ್ರಹಿಕೆ ನಮ್ಮ ವಿಮರ್ಶೆಯಲ್ಲಿ ಇನ್ನೂ ಉಳಿದಿದೆ. ಹರಿಕಥೆಯ ಹಾಸ್ಯವನ್ನು ಬರಿಯ ರಂಜನೆಯೆಂದು ಬದಿಗಿಟ್ಟು ತತ್ತ್ವವನ್ನಷ್ಟೇ ಸ್ವೀಕರಿಸುವ ರೂಢಿ ಇದರ ಫಲ. ಆದರೆ ನಗೆಯು ಆಚರಣೆಯ ಅಂಗವೇ ಆಗಿರುವ ಧರ್ಮಸಮುದಾಯಗಳುಂಟು. ಯೆಹೂದ್ಯರ ಪೂರಿಮ್ ಹಬ್ಬದಂದು ಸಿನಗಾಗ್‌ನಲ್ಲಿ ಎಸ್ತೇರಳ ಗ್ರಂಥವನ್ನು ಓದುವಾಗ, ಯೆಹೂದ್ಯರ ನಾಶಕ್ಕೆ ಸಂಚು ಹೂಡಿದ ಮಂತ್ರಿ ಹಾಮಾನನ ಹೆಸರು ಬಂದಾಗಲೆಲ್ಲ ಸಭೆಯು ಗಿಲಕಿ ತಿರುಗಿಸಿ, ಕಾಲು ಬಡಿದು ಆ ಹೆಸರು ಕೇಳದಂತೆ ಗದ್ದಲವೆಬ್ಬಿಸುತ್ತದೆ. ವೇಷಗಳೂ ಅಣಕು ನಾಟಕಗಳೂ ಆ ಹಬ್ಬಕ್ಕೆ ಸಹಜ. ಅಲ್ಲಿ ನಗುವವರೆಲ್ಲ ಒಂದೇ ಕಥೆಯನ್ನು ಬಲ್ಲವರು. ನಗೆಯ ಗುರಿ ಅಧಿಕಾರದ ದರ್ಪ. ಈ ಎರಡು ಲಕ್ಷಣಗಳನ್ನು ಮುಂದಿಟ್ಟುಕೊಂಡು ದಕ್ಷಿಣ ಬೆಂಗಳೂರಿನ ಹಬ್ಬದ ವೇದಿಕೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ರಾಮನವಮಿ ಸಂಗೀತೋತ್ಸವ, ಬಸವನಗುಡಿಯಲ್ಲಿ 1962ರಲ್ಲಿ ಆರಂಭವಾದ ಗಣೇಶೋತ್ಸವಗಳಂಥವು ಪೂಜೆಯ ಸನ್ನಿಧಿಯಲ್ಲೇ ಕಲೆಗೂ ಸ್ಥಾನ ಕೊಟ್ಟವು. ಜಯನಗರ, ಬನಶಂಕರಿ ಬಡಾವಣೆಗಳ ಬೀದಿಯ ಪೆಂಡಾಲುಗಳೂ ಇದೇ ಬಗೆಯವು. ಇಂಥ ವೇದಿಕೆಗಳ ಹಳೆಯ ನಗೆ ಹರಿಕಥೆಯದು. ಗುರುರಾಜುಲು ನಾಯ್ಡು ಅವರ ಕಥಾಕೀರ್ತನೆಯಲ್ಲಿ ಪುರಾಣದ ಪಾತ್ರಗಳು ಆಡುಮಾತಿನಲ್ಲಿ ಜಗಳವಾಡುತ್ತವೆ. ಕೇಳುಗ ತನ್ನ ಮನೆಯನ್ನೇ ಅಲ್ಲಿ ಕಂಡು ನಗುತ್ತಾನೆ. ಉಪಕಥೆ ಎಷ್ಟು ದೂರ ಹೋದರೂ ದಾಸರು ಮೂಲಕಥೆಗೆ ಮರಳಲೇಬೇಕು. ಈ ಕಟ್ಟುಪಾಡೇ ನಗೆಯನ್ನು ಕಾಯುತ್ತದೆ.

ಮಾಸ್ಟರ್ ಹಿರಣ್ಣಯ್ಯನವರ (1934-2019) 'ಲಂಚಾವತಾರ' ಎರಡನೆಯ ಮಾದರಿ. ದಶಾವತಾರವನ್ನು ಬಲ್ಲ ಸಭೆಗೆ ಮಾತ್ರ ಆ ಶೀರ್ಷಿಕೆಯ ಶ್ಲೇಷೆ ತಟ್ಟನೆ ಹೊಳೆಯುತ್ತದೆ. ಆಶುಸಂಭಾಷಣೆಯಲ್ಲಿ ಅಂದಂದಿನ ಅಧಿಕಾರಸ್ಥರನ್ನು ಎಳೆದು ತರುತ್ತಿದ್ದ ಈ ನಾಟಕ, ಪೂರಿಮ್ ನಗೆಗೆ ನಮ್ಮಲ್ಲಿನ ಅತ್ಯಂತ ಸಮೀಪದ ಉದಾಹರಣೆ.

ಇತ್ತೀಚಿನ 'ಹಾಸ್ಯಸಂಜೆ'ಗಳಲ್ಲಿ ಕಥೆಯ ಹಂದರ ಕಳಚಿದೆ. ಬಿಡಿ ಚಟಾಕಿಗಳು ಉಳಿದಿವೆ. ಅವುಗಳ ಗುರಿಯೂ ಅನೇಕ ವೇಳೆ ಕೆಳಮುಖವಾಗಿದೆ: ಹೆಂಡತಿ, ಹಳ್ಳಿಗ, ಬೇರೆ ಸೀಮೆಯ ಕನ್ನಡ. ಇದನ್ನು ಸಾರಾಸಗಟಾಗಿ ಹೇಳಲಾಗದು. ಬೀchiಯವರ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿರುವ ಗಂಗಾವತಿ ಪ್ರಾಣೇಶರಲ್ಲಿ ಉತ್ತರ ಕರ್ನಾಟಕದ ನುಡಿಯು ನಗೆಯ ವಸ್ತುವಲ್ಲ, ನಗಿಸುವ ದನಿ. ಬೆಂಗಳೂರಿಗರೇ ಅಲ್ಲಿ ಪರೀಕ್ಷೆಗೆ ಒಳಗಾಗುತ್ತಾರೆ. ಅದೇ ನುಡಿಯನ್ನು ಅನ್ಯರು ಅಣಕಿಸಿದಾಗ ಸಂಬಂಧ ತಲೆಕೆಳಗಾಗುತ್ತದೆ.

ಈ ವ್ಯತ್ಯಾಸ ಕೇವಲ ಅಭಿರುಚಿಯದಲ್ಲ. ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರಕ್ಕೆ ಟಿಕೆಟ್ ಪಡೆದು ಬರುವ ಪ್ರೇಕ್ಷಕ ನಾಟಕವನ್ನು ಆಯ್ದುಕೊಂಡು ಬಂದಿರುತ್ತಾನೆ. ಪೆಂಡಾಲಿಗೆ ಬಂದವನು ದೇವರನ್ನೂ ನೆರೆಯವರನ್ನೂ ಕಾಣಲು ಬಂದವನು. ಬಿ.ಟಿ.ಎಂ. ಬಡಾವಣೆಯಂಥ, ಹಲವು ಸೀಮೆಗಳಿಂದ ಬಂದವರು ನೆಲೆಸಿರುವ ಕಡೆ, ಅಣಕಕ್ಕೆ ಒಳಗಾದವನು ಪಕ್ಕದ ಕುರ್ಚಿಯಲ್ಲೇ ಕುಳಿತಿರುತ್ತಾನೆ. ಮರುದಿನ ಪ್ರಸಾದದ ಸಾಲಿನಲ್ಲೂ ನಿಲ್ಲಬೇಕಾದವನು. ಆದ್ದರಿಂದ ಉತ್ಸವದ ಹಾಸ್ಯವನ್ನು ಅಳೆಯಬೇಕಾದುದು ಚಪ್ಪಾಳೆಯಿಂದಲ್ಲ, ಆ ನೆರೆಯವನೂ ಜೊತೆಗೂಡಿ ನಗಬಲ್ಲನೇ ಎಂಬುದರಿಂದ. ಹರಿಕಥೆಯ ಪರಂಪರೆಯು ಈ ಅಳತೆಗೋಲನ್ನು ನಮಗೆ ಒದಗಿಸಿದೆ. ಹಾಸ್ಯಸಾಹಿತ್ಯದ ವಿಮರ್ಶೆ ಅದನ್ನು ಬಳಸಿಕೊಳ್ಳಬೇಕಾಗಿದೆ.