‘ಹೊಸ ಶಾಸನ ಪತ್ತೆ’ ಎನ್ನುವ ಮುನ್ನ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ವೀರಗಲ್ಲು, ದಾನಶಾಸನಗಳ ಬಗ್ಗೆ ಬರುವ ಬರಹಗಳನ್ನು ನಾನು ಬಿಡದೆ ಓದುತ್ತೇನೆ. ಅವುಗಳಲ್ಲಿ ‘ಅಪ್ರಕಟಿತ’, ‘ಮೊದಲ ಬಾರಿಗೆ’ ಎಂಬ ಎರಡು ಮಾತುಗಳು ತುಂಬಾ ಅಗ್ಗವಾಗಿಬಿಟ್ಟಿವೆ. ತಾವು ಮಾಡಿದ ಕೆಲಸವನ್ನು ತಾವೇ ನಾಲ್ಕು ಜನಕ್ಕೆ ಹೇಳಿಕೊಳ್ಳುವುದು ತಪ್ಪಲ್ಲ. ಬಿಸಿಲಲ್ಲಿ ಹೊಲ ಸುತ್ತಿ, ಕಲ್ಲು ತೊಳೆದು, ಅಕ್ಷರ ಓದಿದವರು ಹೇಳದಿದ್ದರೆ ಇನ್ಯಾರು ಹೇಳಬೇಕು? ನನ್ನ ತಕರಾರು ಇರುವುದು ಹಿಂದಿನವರ ಹೆಸರು ಬಿಟ್ಟು ಹೇಳಿಕೊಳ್ಳುವುದರ ಬಗ್ಗೆ.

ಬಿ.ಎಲ್. ರೈಸ್ ಈ ಸೀಮೆಯ ಶಾಸನಗಳನ್ನು 1894ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ 3ನೇ ಸಂಪುಟದಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ 7ನೇ ಸಂಪುಟ 1979ರಲ್ಲಿ ಬಂತು; ಈ ಮೂರೂ ತಾಲ್ಲೂಕುಗಳು ಅದರಲ್ಲಿವೆ. ಆದರೆ ಹುಡುಕುವ ಕ್ರಮ ಗೊತ್ತಿರಬೇಕು. ಈಗ ಮದ್ದೂರು ತಾಲ್ಲೂಕಿನಲ್ಲಿರುವ ಆತಕೂರಿನ ಶಾಸನ ರೈಸರ ಸಂಪುಟದಲ್ಲಿ ‘ಮಂಡ್ಯ 41’. ಊರಿನ ಈಗಿನ ಹೆಸರು ಆತಗೂರು. ಇವತ್ತಿನ ತಾಲ್ಲೂಕು, ಇವತ್ತಿನ ಹೆಸರು ಹಿಡಿದು ಹುಡುಕಿ ‘ಎಲ್ಲೂ ಇಲ್ಲ’ ಅಂತ ಘೋಷಿಸಿದರೆ, ನೂರು ವರ್ಷಗಳ ಹಿಂದಿನ ಓದು ನಮ್ಮ ಹೆಸರಿಗೆ ಬಂದುಬಿಡುತ್ತದೆ.

ಹಾಗಂತ ಹಳೆಯ ಕಲ್ಲಿನಲ್ಲಿ ಹೊಸದು ಇರುವುದೇ ಇಲ್ಲವೇ? ಖಂಡಿತ ಇರುತ್ತದೆ. ಕ್ರಿ.ಶ. 949-50ರ ಇದೇ ಆತಕೂರಿನ ಶಾಸನವನ್ನು ನೋಡಿ. ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗಾಗಿ ಮಣಲೆರ ನಿಲ್ಲಿಸಿದ ಕಲ್ಲು ಅದು. ಗಂಗ ಬೂತುಗ ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಕೊಂದ ವಿಷಯವೂ ಅದರಲ್ಲಿದೆ. ರೈಸರ ನಂತರ ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು. ಬೂತುಗ ಮೋಸದಿಂದ ಕೊಂದ ಎಂದು ಒಂದು ಕಾಲದಲ್ಲಿ ಅರ್ಥ ಮಾಡಿದ್ದ ಸಾಲಿಗೆ, ‘ಬಿಸುಗೆ’ಯೇ, ಅಂದರೆ ಆನೆಯ ಮೇಲಿನ ಪೀಠವೇ, ರಣರಂಗವಾಯಿತು ಎಂಬ ಅರ್ಥ ಆಮೇಲೆ ಬಂತು. ಒಂದೇ ಸಾಲಿನ ಮರುಓದು ಒಬ್ಬ ಅರಸನ ಮೇಲಿದ್ದ ಕಳಂಕವನ್ನು ತೆಗೆಯಿತು. ಇದು ಕಲ್ಲಿನ ಪತ್ತೆಯಲ್ಲ, ಓದಿನ ಪತ್ತೆ. ಹಳೆಯ ಓದನ್ನು ಪಕ್ಕದಲ್ಲಿಟ್ಟರೆ ಮಾತ್ರ ಇದರ ಬೆಲೆ ಗೊತ್ತಾಗುವುದು. ಮರೆಮಾಚಿದರೆ ನಷ್ಟ ಹೊಸ ಓದುಗನಿಗೇ.

ಆದ್ದರಿಂದ ನಿಮ್ಮ ಕೆಲಸವನ್ನು ಧಾರಾಳವಾಗಿ ಹೇಳಿಕೊಳ್ಳಿ. ಜೊತೆಗೆ ನಾಲ್ಕು ವಿಷಯ ಸೇರಿಸಿ: ಸಂಪುಟ ಮತ್ತು ಶಾಸನದ ಸಂಖ್ಯೆ, ಮೊದಲು ಓದಿದವರು, ನಿಮ್ಮ ಓದು ಎಲ್ಲಿ ಬೇರೆ, ಕಲ್ಲು ತೋರಿಸಿದ ಊರಿನವರು, ಅವರು ಒಪ್ಪಿದರೆ ಹೆಸರು ಸಮೇತ. ಎರಡೂ ಸಂಪುಟಗಳಲ್ಲಿ ಸಿಗದಿದ್ದರೆ ‘ಈ ಎರಡರಲ್ಲಿ ಕಾಣಲಿಲ್ಲ’ ಎನ್ನಿ, ಸಾಕು. ವಾರ್ಷಿಕ ವರದಿಗಳು, ಊರಿನ ಇತಿಹಾಸದ ಪುಸ್ತಕಗಳು ಇನ್ನೂ ಬಾಕಿ ಇರುತ್ತವೆ. ಆ ಒಂದು ಸಾಲು ಇದ್ದರೆ, ಮುಂದಿನವರು ಎಲ್ಲಿಂದ ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ.